ಕಟ್ಟಾದ ಬೋಲ್ಟು, ಕೆಡದ ತೂತು

ಕಟ್ಟಾದ ಬೋಲ್ಟು ಹೊರಗೆ ಬಂದ ಮೇಲೆ ಸುತ್ತ ನಿಂತವರೆಲ್ಲ ಆ ತುಂಡನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ನಾನು ಟಾರ್ಚು ಹಿಡಿದು ತೂತಿನೊಳಗೆ ಇಣುಕುತ್ತೇನೆ. ಅಲ್ಲಿ ಥ್ರೆಡ್ಡಿನ ಏಣುಗಳು ಚೂಪಾಗಿ, ಸುತ್ತಿನ ಮೇಲೆ ಸುತ್ತಾಗಿ, ತೆಳುವಾದ ಎಣ್ಣೆಯ ಹೊಳಪು ಹೊದ್ದು, ಕಾರ್ಖಾನೆಯಲ್ಲಿ ಮೊದಲ ಸಲ ಟ್ಯಾಪು ಇಳಿದ ದಿನ ಹೇಗಿದ್ದವೋ ಹಾಗೇ ಕೂತಿದ್ದರೆ ನನಗಾಗುವ ಸಂತೋಷ ಹೇಳತೀರದು. ಬೋಲ್ಟನ್ನು ತೆಗೆಯುವುದು ಯಾರಿಂದಲಾದರೂ ಆದೀತು. ದಪ್ಪ ಡ್ರಿಲ್ಲು ಹಾಕಿ ಕೊರೆದು ಹಾಕಿದರೂ ಬೋಲ್ಟು ಹೋಗುತ್ತದೆ, ಅದರ ಜೊತೆಗೆ ತೂತೂ ಹೋಗುತ್ತದೆ. ತೂತನ್ನು ನೋಯಿಸದೆ ತೆಗೆಯುವುದಿದೆಯಲ್ಲ, ಅದು ವಿದ್ಯೆ. ಆ ವಿದ್ಯೆಯನ್ನು ನಾನು ಕಣ್ತುಂಬ ನೋಡಿರುವುದು ಮಾಲೂರಿನಲ್ಲಿ.

ಮಾಲೂರು ಇಟ್ಟಿಗೆಯ ಊರು, ಹೆಂಚಿನ ಊರು. ಸುತ್ತಲಿನ ಗೂಡುಗಳಿಂದ ಇಟ್ಟಿಗೆ ಹೇರಿಕೊಂಡ ಟ್ರ್ಯಾಕ್ಟರುಗಳು ಬೆಳಗಿನಿಂದ ಕತ್ತಲಾಗುವವರೆಗೂ ಓಡಾಡುತ್ತವೆ. ಟೇಕಲ್ ಕಡೆಯಿಂದ ಬಂಡೆಕಲ್ಲು ಹೊತ್ತ ಟಿಪ್ಪರುಗಳು, ಹಳ್ಳಿಗಳಿಂದ ನೀಲಗಿರಿ ಕಂಬಗಳನ್ನು ಮುಗಿಲೆತ್ತರ ಕಟ್ಟಿಕೊಂಡ ಲಾರಿಗಳು, ನಸುಕಿನಲ್ಲೇ ಹೂವು ತರಕಾರಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟ ಪಿಕಪ್ಪುಗಳು. ಹೊಸೂರು ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಟಿವಿಎಸ್ ಮೋಟಾರ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳು ಸಿಗುತ್ತವೆ. ಉತ್ತರಕ್ಕೆ ಹೋದರೆ ನರಸಾಪುರದಲ್ಲಿ 2013ರಲ್ಲಿ ಶುರುವಾದ ಹೋಂಡಾ ಕಾರ್ಖಾನೆ. ಅಲ್ಲೆಲ್ಲ ಯಂತ್ರಗಳು ಒಂದೊಂದು ಬೋಲ್ಟನ್ನೂ ಲೆಕ್ಕ ಹಾಕಿ ಬಿಗಿಯುತ್ತವೆ. ಎರಡರ ನಡುವಿನ ಮಾಲೂರಿನಲ್ಲಿ, ಹತ್ತಾರು ಮಳೆಗಾಲ ಕಳೆದ ಮೇಲೆ, ಮನುಷ್ಯನ ಕೈ ಅವನ್ನು ಬಿಚ್ಚುತ್ತದೆ. ಬಿಗಿಯುವುದನ್ನು ಯಂತ್ರಕ್ಕೆ ಕಲಿಸಬಹುದು. ತುಕ್ಕು ಹಿಡಿದದ್ದನ್ನು ಬಿಚ್ಚುವುದಕ್ಕೆ ಇಂದಿಗೂ ಕೈಯೇ ಬೇಕು.

ಈ ಸೀಮೆಯಲ್ಲಿ ಬೋಲ್ಟು ಕಟ್ಟಾಗಲು ಕಾರಣಗಳಿಗೆ ಬರವಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಕೋಲಾರ. ನೀರೆಂದರೆ ಕೊಳವೆ ಬಾವಿಯದು, ಬಂಡೆಯ ಸಂದಿಯಿಂದ ಮೇಲಕ್ಕೆತ್ತಿದ ಗಡಸು ನೀರು. ಅದನ್ನೇ ರೇಡಿಯೇಟರಿಗೆ ಸುರಿದು ವರ್ಷಗಟ್ಟಲೆ ಓಡಿಸಿದರೆ ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟುಗಳ ಸುತ್ತ ಬಿಳಿಯ ಸುಣ್ಣವೂ ಕೆಂಪು ತುಕ್ಕೂ ಸೇರಿ ಗಾರೆಯಾಗಿ ಗಟ್ಟಿಯಾಗುತ್ತವೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಥ್ರೆಡ್ಡಿನ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಹಿಗ್ಗಲು ಎಡೆಯೆಲ್ಲಿ? ಅದು ಎರಡೂ ಬದಿಗೆ ಒತ್ತಿ ನಿಂತುಬಿಡುತ್ತದೆ. ಸೈಲೆನ್ಸರ್ ಕಡೆಯ ಸ್ಟಡ್ಡುಗಳ ಕಷ್ಟ ಬೇರೆಯದು. ದಿನಕ್ಕೆ ಹತ್ತು ಸಲ ಕಾಯುವುದು, ಹತ್ತು ಸಲ ಆರುವುದು, ಮೇಲೆ ಗೂಡಿನ ಕೆಂಪು ಧೂಳು. ಬೈಕುಗಳಲ್ಲಿ ಅಲ್ಯೂಮಿನಿಯಂ ಎಂಜಿನ್ನಿನೊಳಗೆ ಉಕ್ಕಿನ ಬೋಲ್ಟು ಇರುತ್ತದೆ. ಎರಡು ಲೋಹಗಳ ನಡುವೆ ತೇವ ಸೇರಿದರೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಆ ಪುಡಿಯೇ ಬೋಲ್ಟಿಗೆ ಬೇಡಿ ಹಾಕುತ್ತದೆ.

ಕೈ ಪಳಗಿದ ಮೇಸ್ತ್ರಿಗೆ ಬೋಲ್ಟು ಕಟ್ಟಾಗುವ ಮುಂಚೆಯೇ ತಿಳಿಯುತ್ತದೆ. ನನಗೆ ಪರಿಚಯವಿರುವ ಮೇಸ್ತ್ರಿಯೊಬ್ಬರು ಮಾಸ್ತಿ ರಸ್ತೆಯ ಕಡೆ ಸಣ್ಣ ಗ್ಯಾರೇಜು ಇಟ್ಟಿದ್ದಾರೆ. ಅವರು ರಿಂಗ್ ಸ್ಪ್ಯಾನರ್ ಹಿಡಿಯುವುದೇ ಒಂದು ಚೆಂದ. ನಾಲ್ಕು ಬೆರಳು ಸ್ಪ್ಯಾನರಿನ ಮೇಲೆ, ಇನ್ನೊಂದು ಅಂಗೈ ಬೋಲ್ಟಿನ ತಲೆಯ ಮೇಲೆ ಒತ್ತಿ. ಬಲ ಹಾಕುವುದು ಒಂದು ಕೈ, ಕೇಳಿಸಿಕೊಳ್ಳುವುದು ಇನ್ನೊಂದು. ಬಿಗಿಯಾದ ಬೋಲ್ಟು ಬಿಡುವಾಗ ‘ಟಕ್’ ಎಂಬ ಒಣ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಗೆದ್ದ ಹಾಗೆ. ಸದ್ದಿಲ್ಲದೆ ಸ್ಪ್ಯಾನರ್ ಮೆತ್ತಗೆ ತಿರುಗತೊಡಗಿದರೆ ಮಾತ್ರ ಬೋಲ್ಟು ತಿರುಗುತ್ತಿಲ್ಲ, ಮುರುಚಿಕೊಳ್ಳುತ್ತಿದೆ ಎಂದರ್ಥ. ಆ ಮೆತುವನ್ನು ಅವರ ಕೈ ಅರ್ಧ ಗೆರೆಯಷ್ಟು ತಿರುಗುವಷ್ಟರಲ್ಲೇ ಹಿಡಿದುಬಿಡುತ್ತದೆ. ಕೂಡಲೇ ನಿಲ್ಲಿಸಿ, ಸ್ವಲ್ಪ ಬಿಗಿಯುವ ಕಡೆಗೇ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚುವ ಕಡೆಗೆ. ಹೀಗೆ ಉಳಿದುಕೊಂಡ ಬೋಲ್ಟುಗಳ ಲೆಕ್ಕ ಯಾರೂ ಇಡುವುದಿಲ್ಲ. ಅವರ ಅರ್ಧ ವಿದ್ಯೆ ಅಲ್ಲಿದೆ.

ಕಟ್ಟಾಗಿ ಬರುವ ಕೆಲಸಗಳೆಲ್ಲ ಸಾಮಾನ್ಯವಾಗಿ ಬೇರೆ ಯಾರೋ ಅವಸರ ಮಾಡಿ ಬಿಟ್ಟವು. ಅಂಥ ಒಂದು ಟ್ರ್ಯಾಕ್ಟರ್ ಬಂದು ನಿಂತದ್ದನ್ನು ಹೇಳುತ್ತೇನೆ. ಇಟ್ಟಿಗೆ ಗೂಡಿನದು. ಮ್ಯಾನಿಫೋಲ್ಡಿನ ಒಂದು ಸ್ಟಡ್ಡು ಹೆಡ್ಡಿನ ಮಟ್ಟಕ್ಕೇ ಕಟ್ಟಾಗಿತ್ತು. ಹಿಡಿಯಲು ತುದಿಯಿಲ್ಲ, ತಿರುಗಿಸಲು ಮೂಲೆಯಿಲ್ಲ. ಬೂದುಬಣ್ಣದ ಎರಕದ ಕಬ್ಬಿಣದ ಮೈಯಲ್ಲಿ ಒಂದು ದುಂಡನೆಯ, ಕಪ್ಪುಗೆಂಪು ಮಚ್ಚೆ ಅಷ್ಟೆ. ಗೂಡಿನ ಯಜಮಾನನಿಗೆ ಆತುರ.

‘ಮೇಸ್ತ್ರಿ, ಸಾಯಂಕಾಲಕ್ಕೆ ಲೋಡು ಐತೆ.’

‘ಇರಲಿ ಬಿಡಣ್ಣಾ. ಅದು ಮೊದಲು ಕುಡೀಲಿ, ಆಮೇಲೆ ನೋಡಾಣ.’

ಕುಡಿಯುವುದೆಂದರೆ ಎಣ್ಣೆ ಕುಡಿಯುವುದು. ಡೀಸೆಲ್ಲಿಗೆ ಸ್ವಲ್ಪ ಬ್ರೇಕ್ ಆಯಿಲ್ ಬೆರೆಸಿ ಹಳೆಯ ಸಿರಿಂಜಿನಲ್ಲಿ ತುಂಬಿಟ್ಟಿರುತ್ತಾರೆ. ಡಬ್ಬಿಯಲ್ಲಿ ಬರುವ ಡಬ್ಲ್ಯುಡಿ-40 ಕೂಡ ಶೆಲ್ಫಿನಲ್ಲಿದೆ. 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಮೈಗೆ ತುಕ್ಕು ತಾಗದಿರಲೆಂದು ತಯಾರಿಸಿದ್ದು ಅದು. ನಲವತ್ತನೇ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಹೆಸರು. ನಮ್ಮ ಮೇಸ್ತ್ರಿ ಎರಡನ್ನೂ ಬಲ್ಲರು, ಸಿರಿಂಜನ್ನು ಹೆಚ್ಚು ನಂಬುತ್ತಾರೆ. ಮೊದಲು ತಂತಿ ಬ್ರಷ್ಷಿನಲ್ಲಿ ಮಚ್ಚೆಯ ಅಂಚನ್ನು ತಿಕ್ಕಿ, ಸಂದಿಯ ಸಣ್ಣ ಉಂಗುರ ಕಾಣುವಂತೆ ಮಾಡಿ, ಅಲ್ಲಿ ಒಂದು ಹನಿ. ಹನಿ ಅಂಚಿನಲ್ಲಿ ಕೊಂಚ ಹೊತ್ತು ಉಬ್ಬಿ ನಿಂತು, ಮೆಲ್ಲಗೆ ತಗ್ಗಿ, ಉಂಗುರದೊಳಕ್ಕೆ ಇಂಗುತ್ತದೆ. ಮತ್ತೊಂದು ಹನಿ. ಇಂಗುವ ವೇಗ ನೋಡಿಯೇ ತುಕ್ಕು ಎಷ್ಟು ಆಳಕ್ಕಿದೆ ಎಂದು ಅಂದಾಜು ಕಟ್ಟುತ್ತಾರೆ.

ಆಮೇಲೆ ತಟ್ಟುವುದು. ಚಪ್ಪಟೆ ಮೂತಿಯ ಪಂಚನ್ನು ಸ್ಟಡ್ಡಿನ ನೆತ್ತಿಗಿಟ್ಟು ಸಣ್ಣ ಸುತ್ತಿಗೆಯಿಂದ ಲಯಬದ್ಧವಾಗಿ, ಬಿಡುವು ಕೊಟ್ಟು ಕೊಟ್ಟು. ಹುಡುಗನೊಬ್ಬ ಕೆಲಸ ಕಲಿಯಲು ಬಂದಿದ್ದಾನೆ. ಅವನ ಕೈಗೆ ಸುತ್ತಿಗೆ ಕೊಟ್ಟರೆ ಉತ್ಸಾಹಕ್ಕೆ ಜೋರಾಗಿ ಬಾರಿಸಿದ. ‘ಕುಟ್ಟಬಾರ್ದೋ, ತಟ್ಟಬೇಕು’ ಎಂದರು ಮೇಸ್ತ್ರಿ. ಜೋರು ಏಟಿಗೆ ಸ್ಟಡ್ಡಿನ ನೆತ್ತಿ ಅಣಬೆಯಾಗಿ ಅಗಲವಾಗುತ್ತದೆ, ತೂತಿನ ಬಾಯಿಯ ಮೊದಲ ಥ್ರೆಡ್ಡು ಅದರಡಿ ನಲುಗುತ್ತದೆ. ಹದವಾದ ಏಟು ತುಕ್ಕಿನ ಪದರವನ್ನಷ್ಟೇ ಒಡೆದು, ಎಣ್ಣೆಗೆ ದಾರಿ ಬಿಡಿಸುತ್ತದೆ. ಮೊದಮೊದಲು ಸದ್ದು ಘಂಟಾನಾದದ ಕಡೆಗಿರುತ್ತದೆ, ಏಕೆಂದರೆ ಸ್ಟಡ್ಡೂ ಹೆಡ್ಡೂ ಒಂದೇ ಲೋಹವಾಗಿ ಮೊಳಗುತ್ತವೆ. ತಟ್ಟುತ್ತಾ ತಟ್ಟುತ್ತಾ ಆ ನಾದಕ್ಕೆ ಒಂದು ಚೂರು ಮಂಕು ಹಿಡಿಯುತ್ತದೆ. ಆಗ ಮೇಸ್ತ್ರಿಯ ಮುಖ ಅರಳುತ್ತದೆ. ನನ್ನದೂ ಅರಳುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಬೋಲ್ಟು ಕಟ್ಟಾಯಿತೆಂದು ಎದೆ ಒಡೆದುಕೊಳ್ಳುವವರ ಸಮಾಧಾನಕ್ಕೆ. ಬೋಲ್ಟನ್ನು ಬಿಗಿಯಲು ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಹೋಗುತ್ತದೆ. ಸುಮಾರು ಅರ್ಧ ತಲೆಯ ಕೆಳಗೆ, ನಾಲ್ಕು ಪಾಲು ಥ್ರೆಡ್ಡಿನಲ್ಲಿ. ಬಿಗಿತವಾಗಿ ಉಳಿಯುವುದು ಹತ್ತರಲ್ಲೊಂದು. ತಲೆ ಕಟ್ಟಾದ ಗಳಿಗೆಯಲ್ಲಿ ತಲೆಯಡಿಯ ಉಜ್ಜಾಟವೂ ಇಲ್ಲ, ಎಳೆದು ಹಿಡಿದಿದ್ದ ಬಿಗಿತವೂ ಇಲ್ಲ. ಒಳಗುಳಿದ ತುಂಡನ್ನು ಹಿಡಿದಿರುವುದು ತುಕ್ಕೊಂದೇ. ಅದನ್ನು ಒಡೆದರೆ ಮುಗಿಯಿತು. ತುದಿ ಹೊರಗೆ ಚಾಚಿಕೊಂಡಿದ್ದರಂತೂ ವೈಸ್ ಗ್ರಿಪ್ಪಿನ ಹಲ್ಲುಗಳ ನಡುವೆ ಕಚ್ಚಿಸಿ ತಿರುಗಿಸಿದರೆ ಎಷ್ಟೋ ಸಲ ಸುಮ್ಮನೆ ಬಂದುಬಿಡುತ್ತದೆ. ನೆಬ್ರಾಸ್ಕದ ಒಬ್ಬ ಕಮ್ಮಾರ, ಬಿಲ್ ಪೀಟರ್ಸನ್, 1924ರಲ್ಲಿ ಪೇಟೆಂಟ್ ಪಡೆದ ಆ ಇಕ್ಕಳ ಇವತ್ತು ಮಾಲೂರಿನ ಪ್ರತಿ ಗ್ಯಾರೇಜಿನ ಮೊಳೆಗೂ ನೇತುಬಿದ್ದಿದೆ. ಕಮ್ಮಾರನ ಕಷ್ಟ ಕಮ್ಮಾರನಿಗೇ ಗೊತ್ತು.

ನಮ್ಮ ಟ್ರ್ಯಾಕ್ಟರಿನ ಸ್ಟಡ್ಡಿಗೆ ಆ ಭಾಗ್ಯವಿರಲಿಲ್ಲ. ಅದಕ್ಕೆ ವೆಲ್ಡಿಂಗೇ ಆಗಬೇಕು. ಈ ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು. ನಿಧಾನವಾಗಿ ಹೇಳುತ್ತೇನೆ.

ಮೊದಲು ಬ್ಯಾಟರಿಯ ವೈರು ಕಳಚಿದರು, ಆಲ್ಟರ್ನೇಟರಿನ ಡಯೋಡು ಸುಡದಿರಲಿ ಎಂದು. ಅರ್ತಿನ ಕ್ಲಾಂಪನ್ನು ದೂರದ ಚಾಸಿಗೆ ಹಾಕಲಿಲ್ಲ, ಹೆಡ್ಡಿಗೇ, ಹತ್ತಿರದಲ್ಲೇ ಕಚ್ಚಿಸಿದರು. ಎರಡೂವರೆ ಮಿಲಿಮೀಟರಿನ ಹೊಸ ರಾಡು ತೆಗೆದು ಹೋಲ್ಡರಿಗೆ ಸಿಕ್ಕಿಸಿದರು. ತೇವ ಹಿಡಿದ ರಾಡನ್ನು ಅವರು ಮುಟ್ಟುವುದಿಲ್ಲ, ಪೊಟ್ಟಣವನ್ನು ಬಿಸಿಲಿಗಿಟ್ಟು ಒಣಗಿಸಿರುತ್ತಾರೆ. ರಾಡಿನ ತುದಿ ಸ್ಟಡ್ಡಿನ ನಟ್ಟನಡುವೆ ಮುಟ್ಟಿತು, ಕಿಡಿ ಹೊತ್ತಿತು, ಎಣಿಸಿದರೆ ಮೂರು ಎಣಿಸುವಷ್ಟು ಹೊತ್ತು, ಅಷ್ಟೇ. ಸ್ಟಡ್ಡಿನ ನೆತ್ತಿಯ ಮೇಲೆ ಒಂದು ಕೆಂಡದ ಗುಬ್ಬಿ ಎದ್ದಿತು. ಸ್ಲ್ಯಾಗನ್ನು ಬಡಿದು ಉದುರಿಸಿ, ಬ್ರಷ್ಷಿಕ್ಕಿ, ಅದರ ಮೇಲೆ ಇನ್ನೊಂದು. ಗುಬ್ಬಿ ಹೆಡ್ಡಿನ ಮಟ್ಟದಿಂದ ಮೇಲೆ ಬೆಳೆಯಿತು. ಮಾಮೂಲಿ ರಾಡಿನ ಉಕ್ಕು ಎರಕದ ಕಬ್ಬಿಣಕ್ಕೆ ಸುಲಭವಾಗಿ ಹೊಂದುವುದಿಲ್ಲ. ಕಿಡಿಯನ್ನು ನಡುವಿನಲ್ಲೇ ನಿಲ್ಲಿಸಬಲ್ಲ ಕೈಗೆ ಆ ಹೊಂದದ ಗುಣವೇ ವರ. ತೂತಿನ ಗೋಡೆಗೆ ಒಂದು ಹನಿಯೂ ಅಂಟಿರಲಿಲ್ಲ.

ಈಗ ನಟ್ಟು. ಹುಡುಗನ ಕಡೆ ತಿರುಗದೆಯೇ ಕೈ ಚಾಚಿದರು. ಅವನು ಜಿಂಕ್ ಲೇಪದ ಹೊಳೆಯುವ ನಟ್ಟು ಕೊಟ್ಟ, ಅವರು ಅದನ್ನು ವಾಪಸು ಕೊಟ್ಟು ಕಪ್ಪು ನಟ್ಟು ಕೇಳಿದರು. ಜಿಂಕ್ ಸುಟ್ಟರೆ ಬಿಳಿ ಹೊಗೆ ಏಳುತ್ತದೆ, ಆ ಹೊಗೆ ಎದೆಗೂ ಕೆಟ್ಟದ್ದು, ವೆಲ್ಡಿಗೂ ಕೆಟ್ಟದ್ದು. ಕಪ್ಪು ನಟ್ಟನ್ನು ಗುಬ್ಬಿಯ ಮೇಲೆ ಕೂರಿಸಿ, ಅದರ ಹೊಟ್ಟೆಯೊಳಗೆ ರಾಡು ಇಳಿಸಿ, ತಳದಿಂದ ಶುರುಮಾಡಿ ಮೇಲಿನವರೆಗೂ ತುಂಬಿದರು. ನಟ್ಟು ಕೆಂಪಾಯಿತು. ಕೆಂಪು ಕೆಳಗಿಳಿದು ಸ್ಟಡ್ಡಿನೊಳಕ್ಕೂ ಹಬ್ಬಿತು, ಹೆಡ್ಡಿನ ಅಂಚಿನಲ್ಲಿ ಹೊಂಬಣ್ಣದ ಸಣ್ಣ ಪ್ರಭೆ ಕಾಣಿಸಿತು.

ಆ ಹೊತ್ತಿನಲ್ಲಿ ಒಳಗೆ ನಡೆಯುವುದು ಕಣ್ಣಿಗೆ ಕಾಣದು, ಆದರೆ ತಿಳಿದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಉಕ್ಕು 500 ಡಿಗ್ರಿಯಷ್ಟು ಬಿಸಿಯೇರಿದರೆ ಅಡ್ಡಕ್ಕೆ ಸುಮಾರು 0.06 ಮಿಲಿಮೀಟರ್ ಹಿಗ್ಗಬೇಕು. ಒಂದು ಕೂದಲಿನ ದಪ್ಪ. ಸುತ್ತಲಿನ ಹೆಡ್ಡು ಇನ್ನೂ ತಣ್ಣಗಿದೆ, ಅದು ಜಾಗ ಬಿಡುವುದಿಲ್ಲ. ಕಾದು ಮೆತ್ತಗಾದ ಸ್ಟಡ್ಡು ಹಿಗ್ಗಲಾರದೆ ತನ್ನೊಳಗೇ ನಲುಗಿ ಕುಗ್ಗುತ್ತದೆ. ಆರಿದಾಗ ಅದು ಮೊದಲಿದ್ದುದಕ್ಕಿಂತ ಎಳೆಯಷ್ಟು ಸಣ್ಣದಾಗಿರುತ್ತದೆ. ಆ ಒತ್ತಾಟದಲ್ಲಿ ತುಕ್ಕಿನ ಗಾರೆ ಪುಡಿಯಾಗುತ್ತದೆ. ಬೆಂಕಿ ಕೊಟ್ಟ ಕೂಡಲೇ ಸ್ಪ್ಯಾನರ್ ಹಾಕುವವರು ಈ ಆರುವಿಕೆಯ ಉಪಕಾರವನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಮೇಸ್ತ್ರಿ ಕಳೆದುಕೊಳ್ಳುವವರಲ್ಲ. ಕೆಂಪು ಮಾಸಿ ಬೂದಾಗುವವರೆಗೆ ಕಾದರು. ಆಮೇಲೆ ಜೇಬಿನಿಂದ ಮೇಣದಬತ್ತಿ ತೆಗೆದು ಬಿಸಿ ನಟ್ಟಿನ ಬುಡಕ್ಕೆ ಆನಿಸಿದರು. ಮೇಣ ಕರಗಿ, ಹೊಗೆಯಾಡಿ, ಸ್ಟಡ್ಡಿನ ಸುತ್ತಲಿನ ಆ ಉಂಗುರ ಅದನ್ನು ಒಳಕ್ಕೆ ಹೀರಿಕೊಂಡಿತು. ದೇವರ ಮನೆಯ ವಾಸನೆಯೂ ಗ್ಯಾರೇಜಿನ ವಾಸನೆಯೂ ಕಲೆತ ಆ ಕ್ಷಣದ ಪರಿಮಳ ನನಗೆ ಬಲು ಇಷ್ಟ.

‘ಲೋ, ಹದಿನಾರು-ಹದಿನೇಳು ತಗೊಂಬಾ.’

ರಿಂಗ್ ಸ್ಪ್ಯಾನರ್ ನಟ್ಟಿನ ಮೇಲೆ ಕೂತಿತು. ಮೊದಲು ಬಿಗಿಯುವ ಕಡೆಗೆ ಒಂದು ಸಣ್ಣ ಮಿಡಿತ. ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಬಿಗಿಯುವ ಕಡೆಗೆ. ಅವರ ಮೊಣಕೈ ಅಲುಗಲಿಲ್ಲ, ಮಣಿಕಟ್ಟು ಮಾತ್ರ ಆಡುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಮಿಡಿತಕ್ಕೆ ಆ ಸದ್ದು ಬಂತು. ‘ಟಕ್’. ಒಣದಾಗಿ, ಚಿಕ್ಕದಾಗಿ, ಸುತ್ತ ನಿಂತ ಎಲ್ಲರಿಗೂ ಕೇಳುವಷ್ಟು ನಿಚ್ಚಳವಾಗಿ. ಗೂಡಿನ ಯಜಮಾನ ಬೀಡಿ ಎಸೆದು ಹತ್ತಿರ ಬಂದ.

ಬಂತಲ್ಲ ಎಂದು ಸರ್ರನೆ ತಿರುಗಿಸಿಬಿಡಬಾರದು. ಕಾಲು ಸುತ್ತು ಹೊರಗೆ, ಅರೆಪಾಲು ಒಳಗೆ, ಒಂದು ಹನಿ ಎಣ್ಣೆ. ಮತ್ತೆ ಕಾಲು ಸುತ್ತು. ಸಂದಿಯಿಂದ ಕಂದುಬಣ್ಣದ ಕೆಸರು ಉಕ್ಕಿ ಬರುತ್ತದೆ, ಅದು ಇಷ್ಟು ವರ್ಷ ಸ್ಟಡ್ಡನ್ನು ಹಿಡಿದಿದ್ದ ತುಕ್ಕು, ಈಗ ಎಣ್ಣೆಯಲ್ಲಿ ಕಲಸಿ ಮೆತ್ತಗಾಗಿದೆ. ‘ಕಿರ್’ ಎಂದು ಸದ್ದು ಬಂದರೆ ಕೈ ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ, ಒರೆಸುತ್ತದೆ, ಮತ್ತೆ ಹೊರಡುತ್ತದೆ. ಕೊನೆಯ ನಾಲ್ಕಾರು ಸುತ್ತನ್ನು ಬರಿಗೈಯಲ್ಲಿ ಬಿಚ್ಚಿದರು. ತುಂಡು ಅಂಗೈಗೆ ಬಿತ್ತು. ಮೇಲೆ ವೆಲ್ಡಿನ ಕಿರೀಟ ಹೊತ್ತ ನಟ್ಟು, ಕೆಳಗೆ ಸ್ಟಡ್ಡಿನ ಬಾಲ, ಸುಟ್ಟ ಮೇಣದ ಕಪ್ಪು ಹೊಳಪು. ನಾನು ಟಾರ್ಚು ತೆಗೆದೆ.

ಮೊದಲ ನಟ್ಟಿಗೇ ಬರುತ್ತದೆಂದು ನಿಯಮವೇನಿಲ್ಲ. ಒಂದು ನಟ್ಟು ಕಿತ್ತುಬಂದರೆ ಇನ್ನೊಂದು, ಅದೂ ಬಂದರೆ ಮತ್ತೊಂದು. ಪ್ರತಿ ಸಲವೂ ಬೆಂಕಿ ಒಂದಿಷ್ಟು ಆಳಕ್ಕೆ ಹೋಗುತ್ತದೆ, ತುಕ್ಕು ಒಂದಿಷ್ಟು ಹೆಚ್ಚು ಪುಡಿಯಾಗುತ್ತದೆ. ಹೀಗಾಗಿ ಕಿತ್ತುಬಂದ ನಟ್ಟನ್ನು ಸೋಲೆಂದು ನಾನು ಎಣಿಸುವುದಿಲ್ಲ.

ತೂತಿನ ಆಳದಲ್ಲಿ ಕಟ್ಟಾದ ಬೋಲ್ಟಿಗೆ ಈ ದಾರಿ ಆಗದು. ರಾಡು ಒಳಗೆ ಇಳಿಯುವ ಮುಂಚೆಯೇ ಗೋಡೆಗೆ ಕಿಡಿ ತಾಗುತ್ತದೆ. ಅಲ್ಯೂಮಿನಿಯಂ ಆದರೆ ಗೋಡೆಯೇ ಕರಗಿ ಹೋದೀತು. ಅಂಥಲ್ಲಿ ಕೊರೆಯಬೇಕು. ಕೊರೆಯುವುದರ ಸೊಗಸೆಲ್ಲ ನಡುವನ್ನು ಹಿಡಿಯುವುದರಲ್ಲಿದೆ. ಎಂ 8 ಬೋಲ್ಟು ತೆಗೆದುಕೊಳ್ಳಿ. ಥ್ರೆಡ್ಡು ಬಿಟ್ಟು ಅದರ ತಿರುಳಿನ ದಪ್ಪ ಸುಮಾರು 6.6 ಮಿಲಿಮೀಟರ್. ನಡುವಿಗೆ ಸರಿಯಾಗಿ 5 ಮಿಲಿಮೀಟರಿನ ತೂತು ಕೊರೆದರೆ ಸುತ್ತ ಉಳಿಯುವ ಗೋಡೆ 0.8. ಅಂದರೆ ಡ್ರಿಲ್ಲು ಒಂದು ಮಿಲಿಮೀಟರ್ ಓರೆಗೆ ಸರಿದರೂ ಎಂಜಿನ್ನಿನ ಥ್ರೆಡ್ಡಿಗೆ ಗಾಯ. ಅದೂ ಕಟ್ಟಾದ ಬೋಲ್ಟಿನ ಮುಖ ಸಪಾಟಾಗಿ ಇರುವುದಿಲ್ಲ, ಒಂದು ಕಡೆ ದಿಬ್ಬ, ಒಂದು ಕಡೆ ತಗ್ಗು. ಡ್ರಿಲ್ಲಿನ ಮೂತಿ ತಗ್ಗಿನ ಕಡೆಗೇ ಜಾರುತ್ತದೆ.

ಇದಕ್ಕೆ ಮೇಸ್ತ್ರಿಯೂ ಪಕ್ಕದ ಲೇತಿನ ಟರ್ನರೂ ಸೇರಿ ಕಂಡುಕೊಂಡಿರುವ ಉಪಾಯ ಎಷ್ಟು ಸರಳ, ಎಷ್ಟು ಸುಂದರ! ಅದೇ ಅಳತೆಯ ಒಂದು ಹಳೆಯ ಬೋಲ್ಟನ್ನು ಲೇತಿನ ಚಕ್ಕಿಗೆ ಕಚ್ಚಿಸಿ, ಅದರ ನೆತ್ತಿಯಿಂದ ತುದಿಯವರೆಗೆ ನಟ್ಟನಡುವೆ 3 ಮಿಲಿಮೀಟರಿನ ಉದ್ದ ತೂತು ಕೊರೆಯುತ್ತಾರೆ. ಲೇತಿನಲ್ಲಿ ತಿರುಗುವುದು ಬೋಲ್ಟು, ಡ್ರಿಲ್ಲು ನಿಂತಲ್ಲೇ ಇರುತ್ತದೆ. ಹಾಗಾಗಿ ತೂತು ನಡು ಬಿಟ್ಟು ಸರಿಯುವುದಿಲ್ಲ. ಈ ಟೊಳ್ಳು ಬೋಲ್ಟನ್ನು ಎಂಜಿನ್ನಿನ ತೂತಿನೊಳಗೆ ಕೈಯಲ್ಲೇ ತಿರುಗಿಸಿ, ಕಟ್ಟಾದ ತುಂಡಿನ ಮೇಲೆ ಕೂರುವವರೆಗೂ ಇಳಿಸುತ್ತಾರೆ. ಈಗ ಎಂಜಿನ್ನಿನ ಥ್ರೆಡ್ಡೇ ಡ್ರಿಲ್ಲಿಗೆ ದಾರಿ ತೋರಿಸುತ್ತದೆ. ಟೊಳ್ಳಿನೊಳಗಿಂದ ಡ್ರಿಲ್ಲು ಇಳಿದು ಕಟ್ಟಾದ ತುಂಡಿನ ಹೃದಯಕ್ಕೇ ಮುಟ್ಟುತ್ತದೆ. ಈ ಟೊಳ್ಳು ಬೋಲ್ಟುಗಳನ್ನು ಟರ್ನರು ಎಂ 6, ಎಂ 8, ಎಂ 10 ಎಂದು ಸಾಲಾಗಿ ತಂತಿಗೆ ಪೋಣಿಸಿಟ್ಟಿದ್ದಾರೆ. ಕೇಳಿದವರಿಗೆ ಕೊಟ್ಟು, ಸಂಜೆಗೆ ಮರೆಯದೆ ವಾಪಸು ಕೇಳುತ್ತಾರೆ.

ಈ ಟರ್ನರಿಗೆ ಕೆಲಸ ಕಲಿಸಿದ ಹಿರಿಯರು ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡವರು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದ ಆ ಗಣಿಯ ಪಂಪು, ವಿಂಚು, ಡ್ರಿಲ್ಲುಗಳ ಬಿಡಿಭಾಗಗಳನ್ನು ಅಲ್ಲಿಯೇ ತಿರುವಿ ಮಾಡುತ್ತಿದ್ದ ಕೈಗಳು ಅವು. 2001ರಲ್ಲಿ ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಬಂಗಾರಪೇಟೆ, ಟೇಕಲ್, ಮಾಲೂರು ಹಾದು ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಆ ವಿದ್ಯೆಯೂ ಪ್ರಯಾಣ ಮಾಡಿತು. ಟರ್ನರು ಟೂಲನ್ನು ಕಲ್ಲಿಗೆ ಹಿಡಿದು ಸಾಣೆ ಕೊಡುವಾಗ ಕಿಡಿಯ ಬಣ್ಣ ನೋಡಿಯೇ ಉಕ್ಕಿನ ಜಾತಿ ಹೇಳುತ್ತಾರೆ. ಅದನ್ನು ಅವರ ಗುರುಗಳೂ ಹೇಳುತ್ತಿದ್ದರಂತೆ.

ದಾರಿ ಸಿಕ್ಕ ಮೇಲೆ ಟೊಳ್ಳು ಬೋಲ್ಟನ್ನು ಬಿಚ್ಚಿ, ಎಡಗೈ ಡ್ರಿಲ್ಲು ಹಾಕುತ್ತಾರೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಹುಡುಕಿ ತಂದ ಡ್ರಿಲ್ಲು ಅದು, ಬೋಲ್ಟು ಬಿಚ್ಚುವ ದಿಕ್ಕಿಗೇ ತಿರುಗುತ್ತಾ ಕೊರೆಯುವಂಥದ್ದು. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು, ಕೊರೆಯಲು ಒಪ್ಪುತ್ತದೆ. 10.9 ಇದ್ದರೆ ಹಟಮಾರಿ, ವೇಗ ತಗ್ಗಿಸಿ, ಎಣ್ಣೆ ಬಿಡುತ್ತಾ, ಒತ್ತಡ ಸಡಿಲಿಸದೆ ಹೋಗಬೇಕು. ತಿರುಳು ಖಾಲಿಯಾಗುತ್ತಾ ಹೋದಂತೆ ತುಂಡಿನ ಗೋಡೆ ತೆಳುವಾಗಿ, ಹೊರಗಿನ ಒತ್ತಡಕ್ಕೆ ಒಳಗೆ ಬಾಗುತ್ತದೆ. ಡ್ರಿಲ್ಲು ಒಮ್ಮೆ ಕಚ್ಚಿಕೊಂಡಿತೋ, ಚೂರು ಬರುವುದು ನಿಲ್ಲುತ್ತದೆ. ತುಂಡು ಡ್ರಿಲ್ಲಿನ ಜೊತೆಗೇ ತಿರುಗುತ್ತಾ ಮೇಲಕ್ಕೆ ಏರಿ ಬರುತ್ತದೆ! ಕೊರೆಯಲು ಹೋದದ್ದು ಬಿಚ್ಚಿಯೇ ಕೊಟ್ಟಿತು. ನೋಡಿದಷ್ಟು ಸಲವೂ ನನಗೆ ಹೊಸದು.

ಬರದಿದ್ದರೆ 6.5ರವರೆಗೆ ಹೋಗುತ್ತಾರೆ. ಆಗ ಬೋಲ್ಟಿನಲ್ಲಿ ಉಳಿಯುವುದು ಥ್ರೆಡ್ಡು ಮಾತ್ರ, ತೂತಿನ ಗೋಡೆಗೆ ಅಂಟಿದ ಒಂದು ಸುರುಳಿ. ಚೂಪಾದ ಸೂಜಿಯಿಂದ ಅದರ ಮೊದಲ ತುದಿಯನ್ನು ಎಬ್ಬಿಸಿ, ಮೂತಿ ಚೂಪಾದ ಇಕ್ಕಳದಲ್ಲಿ ಹಿಡಿದು ಎಳೆದರೆ ಒತ್ತು ಶಾವಿಗೆಯ ಎಳೆಯಂತೆ ಸುತ್ತುಸುತ್ತಾಗಿ ಬಿಚ್ಚಿಕೊಂಡು ಬರುತ್ತದೆ. ಹಿಂದೆ ಉಳಿಯುವ ತೂತು ನಿಷ್ಕಳಂಕ.

ಈಜಿ ಔಟ್ ಎಂದು ಕರೆಯುವ ಎಕ್ಸ್‌ಟ್ರಾಕ್ಟರ್ ಬಗ್ಗೆ ಮೇಸ್ತ್ರಿಗೆ ಅಷ್ಟು ಪ್ರೀತಿಯಿಲ್ಲ, ನನಗೂ ಇಲ್ಲ. ಶಂಕುವಿನಾಕಾರದ, ಎಡಸುತ್ತಿನ ಗಡಸು ಉಕ್ಕಿನ ತುಂಡು ಅದು. ತೂತಿನೊಳಗೆ ಹೊಡೆದು ತಿರುಗಿಸಿದರೆ ಕಚ್ಚಿಕೊಂಡು ಬಿಚ್ಚಬೇಕು. ಕಚ್ಚುವಾಗಲೇ ಅದು ತುಂಡಿನ ಗೋಡೆಯನ್ನು ಹೊರಕ್ಕೆ ತಳ್ಳಿ ಇನ್ನಷ್ಟು ಬಿಗಿ ಮಾಡುತ್ತದೆ. ಮೇಲಾಗಿ ಗಡಸಿರುವುದು ಬಾಗುವುದಿಲ್ಲ, ಮುರಿಯುತ್ತದೆ. ಮುರಿದು ಒಳಗುಳಿದರೆ ಮಾಮೂಲಿ ಡ್ರಿಲ್ಲು ಅದನ್ನು ಗೀಚಲೂ ಆಗದು. ಸಡಿಲವಾದ ತುಂಡಿಗೆ ಸರಿ, ತುಕ್ಕು ಹಿಡಿದದ್ದಕ್ಕೆ ಬೇಡ. ಎಕ್ಸ್‌ಟ್ರಾಕ್ಟರ್ ಮುರಿದು ಒಳಗುಳಿದ ಕೇಸುಗಳನ್ನು ಬೆಂಗಳೂರಿನ ಪೀಣ್ಯಕ್ಕೆ ಕಳಿಸುತ್ತಾರೆ. ಅಲ್ಲಿ ಹಿತ್ತಾಳೆಯ ಸಣ್ಣ ನಳಿಗೆಯನ್ನು ತುಂಡಿನ ಹತ್ತಿರ ತಂದು, ಮುಟ್ಟಿಸದೆ, ದ್ರವದೊಳಗೆ ಸೆಕೆಂಡಿಗೆ ಸಾವಿರಾರು ಕಿಡಿ ಹಾರಿಸಿ ಉಕ್ಕನ್ನು ಕಣಕಣವಾಗಿ ತಿನ್ನಿಸುವ ಯಂತ್ರಗಳಿವೆ. ಸೋವಿಯತ್ ರಷ್ಯಾದ ಲಾಜರೆಂಕೊ ದಂಪತಿ 1943ರ ಹೊತ್ತಿಗೆ ವಿದ್ಯುತ್ ಸಂಪರ್ಕದ ತುದಿಗಳು ಕಿಡಿಯಿಂದ ಸವೆಯದಂತೆ ಮಾಡುವುದು ಹೇಗೆಂದು ಹುಡುಕುತ್ತಿದ್ದರು. ಸವೆತ ನಿಲ್ಲಿಸಲು ಹೊರಟವರಿಗೆ ಸವೆಸುವ ಕಲೆಯೇ ದಕ್ಕಿತು. ಬೋರಿಸ್ ಮತ್ತು ನತಾಲಿಯಾ ಅವರ ಋಣ ನಮ್ಮ ಗ್ಯಾರೇಜುಗಳ ಮೇಲಿದೆ.

ಮತ್ತೆ ಟ್ರ್ಯಾಕ್ಟರಿನ ಬಳಿಗೆ. ತೂತು ತೆರೆದುಕೊಂಡ ಮೇಲೆ ಕೆಲಸ ಮುಗಿಯಿತೆಂದು ಮೇಸ್ತ್ರಿ ಕೈ ತೊಳೆಯಲಿಲ್ಲ. ಡೀಸೆಲ್ಲಿನಲ್ಲಿ ತೂತನ್ನು ತೊಳೆದು, ಗಾಳಿ ಹೊಡೆದು, ಟ್ಯಾಪು ಆರಿಸಿದರು. ಹಳೆಯ ಬ್ರಿಟಿಷ್ ವಿನ್ಯಾಸದ ಎಂಜಿನ್‌ಗಳಲ್ಲಿ ಇಂಚಿನ ಅಳತೆಯ ಥ್ರೆಡ್ಡು ಇರುತ್ತದೆ. ತ್ರೀ ಬೈ ಎಯ್ಟ್ ಬೋಲ್ಟು ಎಂ 10ರ ತೂತಿಗೆ ಒಂದೆರಡು ಸುತ್ತು ಸಡಿಲವಾಗಿ ಹೋಗಿ ಆಮೇಲೆ ಹಿಡಿದುಕೊಳ್ಳುತ್ತದೆ. ಅಷ್ಟಕ್ಕೇ ಮೋಸಹೋಗಿ ಸ್ಪ್ಯಾನರ್ ಹಾಕಿದವರು ಎಷ್ಟೋ ಎಂಜಿನ್ ಕೆಡಿಸಿದ್ದಾರೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ 55 ಡಿಗ್ರಿಯ ಥ್ರೆಡ್ಡನ್ನು ಎಲ್ಲರಿಗೂ ಒಂದೇ ಇರಲಿ ಎಂದು ಮುಂದಿಟ್ಟ. ಇವತ್ತಿನ ಮೆಟ್ರಿಕ್ ಥ್ರೆಡ್ಡಿಗೆ 60 ಡಿಗ್ರಿ. ನಡುವಿನ ಐದು ಡಿಗ್ರಿಯನ್ನು ಬರಿಗಣ್ಣಿನಿಂದ ಗುರುತಿಸುವವರನ್ನು ನಾನು ಕಂಡಿಲ್ಲ, ಅದಕ್ಕೇ ಮೇಸ್ತ್ರಿ ಪಿಚ್ ಗೇಜನ್ನು ಹಳೆಯ ಸ್ಟಡ್ಡಿನ ಥ್ರೆಡ್ಡಿಗೆ ಹಿಡಿದು, ಬೆಳಕಿಗೆ ಎತ್ತಿ, ಹಲ್ಲಿಗೆ ಹಲ್ಲು ಕೂತು ಬೆಳಕು ಸೋರದಿರುವುದನ್ನು ನೋಡಿದರು. 1.5 ಪಿಚ್ಚು, ಎಂ 10.

ಟ್ಯಾಪನ್ನು ಅವರು ಇಳಿಸಿದ್ದು ಕತ್ತರಿಸಲಿಕ್ಕಲ್ಲ, ಗುಡಿಸಲಿಕ್ಕೆ. ಎರಡು ಬೆರಳಲ್ಲಿ ಹಿಡಿದು, ತನ್ನ ಭಾರಕ್ಕೆ ತಾನೇ ದಾರಿ ಹುಡುಕಿಕೊಳ್ಳುವಂತೆ ಬಿಟ್ಟರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪಿನ ಕಾಲುವೆಗಳಲ್ಲಿ ಕಪ್ಪು ಪುಡಿ ಬಂತು, ಹೊಳೆಯುವ ಚೂರು ಒಂದೂ ಬರಲಿಲ್ಲ. ಹೊಳೆಯುವ ಚೂರು ಬಂದಿದ್ದರೆ ಹೆಡ್ಡಿನ ಲೋಹ ಹೋಯಿತೆಂದು ಅರ್ಥ.

ಹೊಸ ಸ್ಟಡ್ಡಿಗೆ ಕಾಪರ್ ಗ್ರೀಸು ಸವರಿ ಬೆರಳಲ್ಲೇ ತಿರುಗಿಸಿದರು. ತಳ ಮುಟ್ಟುವವರೆಗೂ ಅದು ಬೆರಳಿಗೇ ಹೋಯಿತು, ಎಲ್ಲೂ ತಡೆಯಲಿಲ್ಲ, ಎಲ್ಲೂ ಅಲ್ಲಾಡಲಿಲ್ಲ. ಆಮೇಲೆ ಪಕ್ಕದ ಸ್ಟಡ್ಡುಗಳತ್ತ ನೋಡಿದರು. ಅವು ಕಟ್ಟಾಗಿರಲಿಲ್ಲ, ಆದರೆ ನಡು ಸವೆದು ತೆಳುವಾಗಿದ್ದವು. ಅವನ್ನೂ ಬದಲಾಯಿಸೋಣ ಎಂದರು. ಯಜಮಾನ ತಲೆ ಕೆರೆದುಕೊಂಡ.

‘ಅವು ಚೆನ್ನಾಗೈತಲ್ಲ ಮೇಸ್ತ್ರಿ?’

‘ಇವತ್ತು ಚೆನ್ನಾಗೈತಣ್ಣಾ. ಇದಾದ ಮೇಲೆ ಭಾರ ಅವಕ್ಕೇ ಬೀಳ್ತದೆ.’

ನಟ್ಟು ಹಾಕುವಾಗ ಉಕ್ಕಿನದನ್ನು ಬದಿಗಿಟ್ಟು ಹಿತ್ತಾಳೆಯ ನಟ್ಟು ತೆಗೆದರು. ಬೆಲೆ ಜಾಸ್ತಿ, ಆದರೆ ಹಿತ್ತಾಳೆ ಉಕ್ಕಿನ ಸ್ಟಡ್ಡಿಗೆ ತುಕ್ಕಿನಿಂದ ಕಚ್ಚಿಕೊಳ್ಳುವುದಿಲ್ಲ, ಸೈಲೆನ್ಸರಿನ ಕಾವಿಗೂ ಬಿಚ್ಚಲು ಬರುತ್ತದೆ. ಗಾರೆ ಬಣ್ಣದ ಮ್ಯಾನಿಫೋಲ್ಡಿನ ಮೇಲೆ ಆ ಹೊಂಬಣ್ಣದ ನಟ್ಟುಗಳು ಸಾಲಾಗಿ ಕೂತಾಗ ನೋಡಬೇಕಿತ್ತು ನೀವು. ಯಾಕೆ ಇಷ್ಟು ಖರ್ಚು ಎಂದು ಯಜಮಾನ ಕೇಳುವ ಮುಂಚೆ ಮೇಸ್ತ್ರಿಯೇ ಹೇಳಿದರು: ‘ಮುಂದಿನ ಸಲ ಬಿಚ್ಚೋನು ಯಾರೋ ಏನೋ. ಅವನಿಗೆ ಕಷ್ಟ ಆಗಬಾರ್ದು.’

ಹನ್ನೊಂದಕ್ಕೆ ಶುರುವಾದ ಕೆಲಸ ನಾಲ್ಕಕ್ಕೆ ಮುಗಿಯಿತು. ನಡುವಿನಿಂದ ಹೊರಕ್ಕೆ, ಒಂದು ಬಿಟ್ಟು ಒಂದರಂತೆ ನಟ್ಟುಗಳನ್ನು ಬಿಗಿದು, ಎಂಜಿನ್ ಶುರುಮಾಡಿ ಬಿಸಿಯಾಗಲು ಬಿಟ್ಟು, ಆರಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿದರು. ಯಜಮಾನ ಚೌಕಾಸಿ ಮಾಡದೆ ಹಣ ಎಣಿಸಿದ. ಲೋಡಿಗೆ ಇನ್ನೂ ಹೊತ್ತಿತ್ತು.